ಕಾಲಿಗೆ ತಕ್ಕ ಬೂಟು

ಪಾದರಕ್ಷೆಯ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಗಂಡಸರ ಸಾಲಿನ ಮುಂದೆ ನಿಂತು ಬೂಟು ಕೇಳಿದರೆ, ಮಾರುವವನ ಮೊದಲ ಪ್ರಶ್ನೆ ‘ಯಾರಿಗೆ?’ ಎಂಬುದು. ‘ನನಗೇ’ ಎಂದರೆ ಅವನಿಗೆ ಆಶ್ಚರ್ಯ. ಜೊತೆಗೆ ಬಂದ ತಾಯಿಗೆ ಸಂಕೋಚ. ಮರುದಿನ ಅದನ್ನು ಕಂಡ ಗೆಳತಿಯರಿಗೆ ನಗು. ಇಷ್ಟಕ್ಕೂ ಆ ಹುಡುಗಿ ಕೇಳಿದ್ದೇನು? ಬೆರಳುಗಳನ್ನು ಹಿಸುಕದಂಥ ಒಂದು ಜೊತೆ ಬೂಟು. ಇದರಲ್ಲಿ ನಗತಕ್ಕದ್ದು ಏನೂ ಇಲ್ಲವೆಂಬುದೂ, ನಮ್ಮ ಶಾಲೆಯ ಹುಡುಗಿಯರಿಗೆ ಈ ಸ್ವಾತಂತ್ರ್ಯವಿರಬೇಕೆಂಬುದೂ ನನ್ನ ಅಭಿಪ್ರಾಯ.

ಮೊದಲು ಬೂಟಿನ ಮೇಲಿನ ಅಂಕಿಯನ್ನು ವಿಚಾರಿಸೋಣ. ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಗೆ ಬಂದಿರುವುದು ಇಂಗ್ಲಿಷರ ಅಳತೆ. ಅದರ ಮೂಲಮಾನ ಒಂದು ಜವೆಗೋಧಿಯ ಕಾಳಿನ ಉದ್ದ, ಎಂದರೆ ಅಂಗುಲದ ಮೂರನೆಯ ಒಂದು ಪಾಲು. ಐದನೆಯ ನಂಬರಿನ ಬೂಟಿಗಿಂತ ಆರನೆಯದು ಅಷ್ಟು ಉದ್ದ. ಆದರೆ ಈ ಅಂಕಿ ಹೇಳುವುದು ಉದ್ದವನ್ನು ಮಾತ್ರ. ಅಗಲದ ಮಾತನ್ನೇ ಎತ್ತುವುದಿಲ್ಲ. ಅಮೆರಿಕದಲ್ಲಿ ಅಗಲಕ್ಕೂ ಗುರುತುಗಳುಂಟು: ಹೆಂಗಸರ ಸಾಧಾರಣ ಅಗಲ ‘ಬಿ’, ಗಂಡಸರದು ‘ಡಿ’. ಒಂದೇ ಉದ್ದದ ಬೂಟಾದರೂ ಗಂಡಸರದು ಹೆಚ್ಚು ಅಗಲವೆಂಬುದು ಇದರಿಂದಲೇ ತಿಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಅಗಲವನ್ನು ಹೇಳಿ ಕೊಳ್ಳುವ ಅನುಕೂಲ ಬಹಳ ಕಡಿಮೆ. ಅಗಲ ಪಾದದ ಹುಡುಗಿ ಒಂದೆರಡು ನಂಬರು ದೊಡ್ಡದನ್ನು ಕೊಂಡು ಎಡವುತ್ತ ನಡೆಯಬೇಕು, ಇಲ್ಲವೆ ಗಂಡಸರ ಸಾಲಿಗೆ ಹೋಗಬೇಕು.

ಅಗಲ ಪಾದವೇನೂ ಅಪರೂಪವಲ್ಲ. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಅಳೆದರು. ನಮ್ಮವರ ಪಾದ ಯೂರೋಪು, ಅಮೆರಿಕಗಳ ಜನರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಕಂಡುಬಂದಿತು. ಹೆಣ್ಣುಮಕ್ಕಳ ಪಾದದ ಬೆಳವಣಿಗೆ 11ನೆಯ ವಯಸ್ಸಿನ ಸುಮಾರಿಗೂ, ಗಂಡುಮಕ್ಕಳದು 15-16ರ ಸುಮಾರಿಗೂ ತುದಿ ಮುಟ್ಟುತ್ತದೆಂಬುದೂ ತಿಳಿದುಬಂದಿತು. ಐದು, ಆರನೆಯ ತರಗತಿಗಳ ಹುಡುಗಿಯರು ಇದನ್ನು ಗಮನಿಸಬೇಕು. ಜೂನ್ ತಿಂಗಳಲ್ಲಿ ಸರಿಹೊಂದಿದ ಬೂಟು ಜನವರಿಯ ಹೊತ್ತಿಗೆ ಬೆರಳಿನ ತುದಿಯನ್ನು ಒತ್ತುತ್ತಿದ್ದರೆ ಅದು ಕಾಲಿನ ತಪ್ಪಲ್ಲ. ಇಕ್ಕಟ್ಟಾದ ಬೂಟಿನಿಂದ ಬರುವುದು ಬೊಬ್ಬೆ, ಆಣಿಗಳಷ್ಟೇ ಅಲ್ಲ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ, ಅದರ ಬುಡದ ಕೀಲು ಹೊರಕ್ಕೆ ಉಬ್ಬಿ ನೋಯುವುದೂ ಉಂಟು. ವಂಶದ ಗುಣವೂ ಇದಕ್ಕೆ ಕಾರಣವಾದರೂ ಚೂಪುಮೂತಿಯ ಬೂಟು ಅದನ್ನು ಬೆಳೆಸುತ್ತದೆ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

‘ಹೆಂಗಸರ ಪಾದದ ಆಕಾರವೇ ಬೇರೆ, ಆದ್ದರಿಂದಲೇ ಅವರ ಬೂಟೂ ಬೇರೆ’ ಎಂದು ಕೆಲವರು ವಾದಿಸುವರು. ಮೊದಲ ಮಾತು ನಿಜ. ಹೆಂಗಸರ ಪಾದ ಗಂಡಸರ ಪಾದದ ಚಿಕ್ಕ ಪ್ರತಿಯಲ್ಲ. ಎಷ್ಟೋ ಜನರಿಗೆ ಮುಂಗಾಲು ಅಗಲವಾಗಿದ್ದು ಹಿಮ್ಮಡಿ ಕಿರಿದಾಗಿರುತ್ತದೆ. ಆದರೆ ಅಂಗಡಿಯಲ್ಲಿ ಹೆಂಗಸರಿಗೆಂದು ಇಟ್ಟಿರುವ ಎಷ್ಟೋ ಬೂಟುಗಳನ್ನು ಆ ಪಾದವನ್ನು ನೋಡಿ ಮಾಡಿರುವುದಿಲ್ಲ. ಹೆಣ್ಣಿನ ಪಾದ ಸಣ್ಣಗೆ, ನೀಳವಾಗಿ ಕಂಡರೆ ಚೆಂದವೆಂಬ ಕಲ್ಪನೆಯನ್ನು ನೋಡಿ ಮಾಡಿರುತ್ತಾರೆ. ಮೂಗಿಗಿಂತ ಮೂಗುತಿ ಭಾರವೆಂಬುದು ಇದಕ್ಕೇ. ಎತ್ತರದ ಹಿಮ್ಮಡಿಯಾದರೂ ಹುಟ್ಟಿನಿಂದ ಹೆಣ್ಣಿನದಲ್ಲ. ಪರ್ಷಿಯದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ನಿಲ್ಲಲೆಂದು ಅದನ್ನು ಹಾಕುತ್ತಿದ್ದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ ಕೆಂಪು ಹಿಮ್ಮಡಿಯ ಬೂಟು ಹಾಕಿ ಮೆರೆದನು. ಯಾವುದು ಗಂಡಿನ ಬೂಟು, ಯಾವುದು ಹೆಣ್ಣಿನದು ಎಂಬುದು ಕಾಲಕಾಲಕ್ಕೆ ಬದಲಾದ ಮಾತು.

ಆಟೋಟದಲ್ಲಿ ಈ ಕೊರತೆ ಇನ್ನೂ ಚೆನ್ನಾಗಿ ಕಾಣುತ್ತದೆ. 1966ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟಕ್ಕೆ ಬಾಬಿ ಗಿಬ್ ಎಂಬ ತರುಣಿ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ದೂರದ ಓಟ ಸಾಧ್ಯವಿಲ್ಲವೆಂದು ತಿರಸ್ಕರಿಸಿದರು. ಆಕೆ ಪೊದೆಯ ಮರೆಯಲ್ಲಿ ನಿಂತಿದ್ದು, ಓಟ ಆರಂಭವಾದ ಮೇಲೆ ಗಂಡಸರ ನಡುವೆ ಸೇರಿಕೊಂಡಳು. ಅಭ್ಯಾಸ ಮಾಡಿದ್ದು ದಾದಿಯರ ಬೂಟಿನಲ್ಲಿ. ಓಡಿದ್ದು ಹುಡುಗರ ಬೂಟಿನಲ್ಲಿ. ಹೆಂಗಸರಿಗೆಂದು ಓಟದ ಬೂಟೇ ಆಗ ಸಿಗುತ್ತಿರಲಿಲ್ಲ. ಪಳಗದ ಹೊಸ ಬೂಟಾದ್ದರಿಂದ ಕಾಲಿಗೆ ಬೊಬ್ಬೆ ಬಂದರೂ 3 ಗಂಟೆ 21 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಸಿದಳು. ಆ ಓಟಕ್ಕೆ ಹೆಂಗಸರನ್ನು ವಿಧಿವತ್ತಾಗಿ ಸೇರಿಸಿಕೊಂಡದ್ದು 1972ರಲ್ಲಿ. ನಮ್ಮ ದೇಶದ ಸ್ವಪ್ನಾ ಬರ್ಮನ್‌ಗೆ ಒಂದೊಂದು ಪಾದದಲ್ಲೂ ಆರು ಬೆರಳು. 2018ರ ಏಷ್ಯನ್ ಕ್ರೀಡೆಗಳಲ್ಲಿ ಆಕೆ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಚಿನ್ನ ಗೆದ್ದದ್ದು ಐದು ಬೆರಳಿನವರಿಗೆ ಮಾಡಿದ ಬೂಟನ್ನು ಹಾಕಿಕೊಂಡೇ. ಆಕೆಯ ಪಾದದ ಅಳತೆಗೆ ಬೂಟು ದೊರೆತದ್ದು ಗೆದ್ದ ಮೇಲೆ!

ನಾನು ದಿನವೂ ನಿಂತೇ ಪಾಠ ಹೇಳುವವಳು. ದಾದರ್ ನಿಲ್ದಾಣದ ಮೆಟ್ಟಿಲುಗಳನ್ನು ಎರಡು ಹೊತ್ತೂ ಹತ್ತಿಳಿಯುವವಳು. ನಾಲ್ಕು ವರ್ಷಗಳಿಂದ ಸೀರೆಯ ಕೆಳಗೆ ಗಂಡಸರ ಬೂಟನ್ನೇ ಹಾಕುತ್ತಿದ್ದೇನೆ. (ಹಿಂದಿನ ಬೆಂಚಿನವರು ನಕ್ಕದ್ದು ನನಗೆ ತಿಳಿಯದೆ ಇಲ್ಲ.) ಬೆರಳುಗಳಿಗೆ ನೆಮ್ಮದಿಯಾಗಿದೆ. ಹಿಮ್ಮಡಿ ಮಾತ್ರ ಸ್ವಲ್ಪ ಜಾರುವುದುಂಟು. ಲೇಸನ್ನು ಕಡೆಯ ತೂತಿನವರೆಗೂ ಬಿಗಿದರೆ ನಿಲ್ಲುತ್ತದೆ. ಹಿಮ್ಮಡಿ ತೀರ ಕಿರಿದಾದವರಿಗೆ ಈ ಉಪಾಯ ಸಾಲದು. ಅಂಥವರು ಹೆಂಗಸರ ಬೂಟಿನಲ್ಲೇ ಅಗಲವಾದುದನ್ನು ಹುಡುಕಬೇಕು.

ನಮ್ಮ ಊರಿನಲ್ಲಿ ಮೆಟ್ಟು ಹೊಲಿಯುತ್ತಿದ್ದವರು ಕಾಲನ್ನು ಕಾಗದದ ಮೇಲೆ ಇಡಿಸಿ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದರು. ನೀವೂ ಹಾಗೆಯೇ ಮಾಡಿರಿ. ಪಾದ ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು, ನಿಂತುಕೊಂಡು, ಎರಡು ಕಾಲುಗಳದೂ ಗೆರೆ ಎಳೆಯಿರಿ. ದೊಡ್ಡ ಕಾಲಿನ ಅಳತೆಯನ್ನು ಹಿಡಿಯಿರಿ. ಆ ಕಾಗದವನ್ನು ಕತ್ತರಿಸಿ ಅಂಗಡಿಗೆ ಒಯ್ದು ಬೂಟಿನ ಅಟ್ಟೆಯ ಮೇಲಿಟ್ಟು ನೋಡಿದರೆ, ಯಾವ ಸಾಲಿನ ಬೂಟು ಕೊಳ್ಳಬೇಕೆಂದು ಕಾಗದವೇ ಹೇಳುತ್ತದೆ.

ಇನ್ನು ನಮ್ಮ ಸಮವಸ್ತ್ರದ ಪಟ್ಟಿ. ಅದರಲ್ಲಿ ಹುಡುಗರಿಗೆ ಲೇಸಿನ ಬೂಟೆಂದೂ ಹುಡುಗಿಯರಿಗೆ ಬಕ್ಕಲಿನ ಬೂಟೆಂದೂ ಇದೆ. ಎಲ್ಲರಿಗೂ ‘ಕಪ್ಪು ಬೂಟು’ ಎಂದಷ್ಟೇ ಬರೆಯಬೇಕೆಂದು ಮುಖ್ಯಾಧ್ಯಾಪಕರಲ್ಲಿ ಬಿನ್ನವಿಸಿಕೊಂಡಿದ್ದೇನೆ. ಹೊಸ ಪಟ್ಟಿ ಅಚ್ಚಾಗುವುದು ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಪಾಲಕರೂ ಒಂದು ಮಾತು ಹೇಳಿದರೆ ಕೆಲಸ ಸುಲಭವಾಗುತ್ತದೆ.