ಲಂಗರು ಮಾಡಿದ ಗಾಯ

ಲಂಗರು ಎಂದೊಡನೆ ಮನಸ್ಸಿಗೆ ಬರುವುದು ನೆಲೆಯ, ನೆಮ್ಮದಿಯ ಭಾವನೆ. ಅಲೆದಾಡುವ ಹಡಗನ್ನು ಒಂದೆಡೆ ಹಿಡಿದು ನಿಲ್ಲಿಸುವ ಸಾಧನವದು. ಆದರೆ ಬಿರುಗಾಳಿಗೆ ಸಿಕ್ಕಿ ಹಡಗು ಸರಿಯತೊಡಗಿತೆಂದರೆ ಅದೇ ಲಂಗರು ನೇಗಿಲಾಗಿ ಕಡಲ ತಳವನ್ನು ಉಳುತ್ತದೆ. ಆ ಸಾಲಿಗೆ ಎಣ್ಣೆಯ ಕೊಳವೆಯೊಂದು ಅಡ್ಡ ಬಂದರೆ ಆಗುವುದೇನೆಂಬುದನ್ನು ಕ್ಯಾಲಿಫೋರ್ನಿಯದ ಕರಾವಳಿ ಕಂಡಿದೆ.

2021ರ ಜನವರಿ 25ರಂದು ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಹೊರಗೆ ಹಡಗುಗಳು ಕಿಕ್ಕಿರಿದು ನಿಂತಿದ್ದುವು. ಕೋವಿಡ್ ಮಹಾಮಾರಿಯ ದೆಸೆಯಿಂದ ಸರಕು ಇಳಿಸುವ ಸರದಿ ಅವಕ್ಕೆ ಬೇಗ ಬರುವಂತಿರಲಿಲ್ಲ. ಅಂದಿನ ಬಿರುಗಾಳಿಯಲ್ಲಿ ಎರಡು ಹಡಗುಗಳ ಲಂಗರುಗಳು ಜಾರಿ, ತಳದಲ್ಲಿದ್ದ 16 ಅಂಗುಲದ ಉಕ್ಕಿನ ಕೊಳವೆಗೆ ತಗುಲಿದುವು. ಕೊಳವೆಯ ಒಂದು ಭಾಗ ಸುಮಾರು 105 ಅಡಿ ಪಕ್ಕಕ್ಕೆ ಸರಿಯಿತು. ಆದರೂ ಅದು ಅಂದೇ ಒಡೆಯಲಿಲ್ಲ. ಗಾಯವನ್ನು ಹೊತ್ತುಕೊಂಡೇ ಎಂಟು ತಿಂಗಳು ದುಡಿದು, ಅಕ್ಟೋಬರ್ ಮೊದಲಲ್ಲಿ ಬಿರಿಯಿತು. ಸೋರಿಕೆಯನ್ನು ಸಾರುವ ಎಚ್ಚರಿಕೆ ಎಂಟು ಬಾರಿ ಬಂದರೂ ನಿರ್ವಾಹಕರು ಅದನ್ನು ಸುಳ್ಳೆಂದು ಬಗೆದು, 13 ಗಂಟೆಗಳ ಕಾಲ ಎಣ್ಣೆಯ ಹರಿವನ್ನು ನಿಲ್ಲಿಸುತ್ತ, ಮತ್ತೆ ಬಿಡುತ್ತ ಹೋದರು. 588 ಪೀಪಾಯಿ ಕಚ್ಚಾ ಎಣ್ಣೆ ಕಡಲು ಸೇರಿತು. ಹಕ್ಕಿಗಳ ನೆಲೆಯಾದ ಟಾಲ್ಬರ್ಟ್ ಜೌಗಿಗೂ ಅದು ಹೊಕ್ಕಿತು. ಮೀನುಗಾರರು ವಾರಗಟ್ಟಲೆ ಬಲೆ ಬೀಸುವಂತಿರಲಿಲ್ಲ.

ತಪ್ಪು ಯಾರದು? ಹಡಗು ನಿಲ್ಲುವ ಸ್ಥಳಗಳನ್ನು ಕೊಳವೆಗೆ ತೀರ ಸಮೀಪದಲ್ಲಿ ಗುರುತಿಸಿದ್ದುದೇ ಮೂಲ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಿರ್ಣಯಿಸಿತು. ಆ ನಿರ್ಣಯವನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಆ ಎಂಟು ತಿಂಗಳ ಮೌನ. ಹಡಗುಗಳ ಚಲನವಲನವನ್ನು ದಡದಲ್ಲಿ ಕುಳಿತು ಗಮನಿಸುವ ವ್ಯವಸ್ಥೆ ಅಲ್ಲಿತ್ತು. ಲಂಗರು ಜಾರಿದ ಸಂಗತಿ ಗುಪ್ತವಾಗಿರಲಿಲ್ಲ. ಆದರೂ ಕೊಳವೆಯ ಒಡೆಯರಿಗೆ ಯಾರೂ ಒಂದು ಮಾತು ತಿಳಿಸಲಿಲ್ಲ. ತಿಳಿಸಿದ್ದರೆ, ನೂರಡಿ ನೀರಿನ ಕೆಳಗಿನ ಆ ಗಾಯವನ್ನು ಪರೀಕ್ಷಿಸುವುದು ಅಸಾಧ್ಯವೇನೂ ಆಗಿರಲಿಲ್ಲ.

ಬಿರುಗಾಳಿಯಲ್ಲಿ ನಾವಿಕನು ತನ್ನ ಹಡಗನ್ನು ಮೊದಲು ಉಳಿಸಿಕೊಳ್ಳಬೇಡವೆ ಎಂದು ವಾಚಕರು ಕೇಳಬಹುದು. ಅವಶ್ಯವಾಗಿ ಉಳಿಸಿಕೊಳ್ಳಲಿ. ಆದರೆ ಗಾಳಿ ಅಡಗಿದ ಮೇಲೂ ಬಾಯಿ ತೆರೆಯದಿರುವುದಕ್ಕೆ ಗಾಳಿಯನ್ನು ಹೊಣೆ ಮಾಡುವುದು ನ್ಯಾಯವಲ್ಲ. 2018ರ ಮಾರ್ಚ್ 31ರಂದು ಇಂಡೊನೇಷ್ಯದ ಬಾಲಿಕ್‌ಪಾಪನ್ ಕೊಲ್ಲಿಯಲ್ಲಿ ಕಲ್ಲಿದ್ದಲು ಹಡಗೊಂದರ ಲಂಗರು ಎಣ್ಣೆಯ ಕೊಳವೆಯನ್ನು ಎಳೆದು ಮುರಿದಾಗ, ಹರಡಿದ ಎಣ್ಣೆಗೆ ಬೆಂಕಿ ಹತ್ತಿ ಐವರು ಮಡಿದರು. ಅಂಥ ಕಡೆ ಮುನ್ಸೂಚನೆಗೆ ಅವಕಾಶವೇ ಇಲ್ಲ. ಲಂಗರಿಗೂ ಕೊಳವೆಗೂ ನಡುವೆ ಸಾಕಷ್ಟು ದೂರವಿಡುವುದೊಂದೇ ಉಪಾಯ. ಕ್ಯಾಲಿಫೋರ್ನಿಯದಲ್ಲಾದರೋ ಕಾಲವೇ ಎಂಟು ತಿಂಗಳ ಅವಧಿಯನ್ನು ಕೊಟ್ಟಿತ್ತು.

ನಿಲುಗಡೆಯ ಸ್ಥಳಗಳನ್ನು ದೂರ ಸರಿಸಬೇಕು, ಹಡಗು ಕೊಳವೆಯತ್ತ ಸರಿದರೆ ಕಾವಲುಗಾರರಿಗೆ ಎಚ್ಚರಿಕೆಯ ಸದ್ದು ಕೇಳಿಸಬೇಕು ಎಂದು ಮಂಡಳಿ ಸಲಹೆ ಮಾಡಿತು. ಒಳ್ಳೆಯ ಸಲಹೆಗಳೇ. ಆದರೆ ಸದ್ದು ಎಂಟು ಬಾರಿ ಆದಮೇಲೂ ಎಣ್ಣೆ ಹರಿದುದನ್ನು ನಾವು ಮರೆಯಲಾಗದು. ಕೇಳಿದುದನ್ನು ನಂಬುವ, ಕಂಡುದನ್ನು ಸಂಬಂಧಪಟ್ಟವರಿಗೆ ಅಂದೇ ಹೇಳುವ ಹೊಣೆಯನ್ನು ಯಾವ ಯಂತ್ರವೂ ಮನುಷ್ಯನ ಹೆಗಲಿನಿಂದ ಇಳಿಸಲಾರದು.