ಹದಿನೇಳು ನಿಮಿಷಗಳ ಕಾಳಗ

ಯುದ್ಧವೆಂದೊಡನೆ ಬಯಲು, ಕಂದಕ, ಫಿರಂಗಿಗಳ ಚಿತ್ರವೇ ಸಾಮಾನ್ಯರ ಕಣ್ಮುಂದೆ ಸುಳಿಯುವುದು. ಆದರೆ ಮನೆಯೇ ರಣರಂಗವಾದರೆ? ಮೆಟ್ಟಿಲ ತಿರುವು, ಮುಚ್ಚಿದ ಕದ, ಕತ್ತಲ ಕೋಣೆ—ಒಂದೊಂದೂ ಒಂದೊಂದು ಕೋಟೆ. ವೈರಿಯ ಮಗ್ಗುಲಲ್ಲೇ ನಿರಪರಾಧಿಗಳೂ ಇದ್ದರಂತೂ ಅಲ್ಲಿ ಶೌರ್ಯವೊಂದೇ ಸಾಲದು.

ಇದನ್ನು ಜಗತ್ತು ಕಲಿತದ್ದು ಕಣ್ಣೀರಿನಿಂದ. 1972ರ ಮ್ಯೂನಿಕ್ ಒಲಿಂಪಿಕ್ ಕೂಟದಲ್ಲಿ ಒತ್ತೆಯಾಳುಗಳನ್ನು ಬಿಡಿಸಹೊರಟ ಪೊಲೀಸರಿಗೆ ಅದಕ್ಕೆ ತಕ್ಕ ಶಿಕ್ಷಣವಿರಲಿಲ್ಲ. ಆ ದುರಂತದಲ್ಲಿ ಇಸ್ರೇಲಿ ತಂಡದ 11 ಮಂದಿ ಹತರಾದರು. ಆಮೇಲೆ ಯೂರೋಪಿನ ರಾಷ್ಟ್ರಗಳು ಇದಕ್ಕೆಂದೇ ದಳಗಳನ್ನು ಸಜ್ಜುಗೊಳಿಸಿದವು. ಬ್ರಿಟನ್ನಿನ ಎಸ್.ಎ.ಎಸ್. ಪಡೆ ಹೆರೆಫರ್ಡಿನಲ್ಲಿ ಒಂದು ಮನೆಯನ್ನೇ ಅಭ್ಯಾಸಕ್ಕೆ ಮೀಸಲಿಟ್ಟಿತು. ಗುರಿಗೊಂಬೆಗಳ ನಡುವೆ ಒತ್ತೆಯಾಳಿನಂತೆ ಕೆಲವೊಮ್ಮೆ ಜೊತೆಗಾರನೇ ಕುಳಿತಿರುತ್ತಿದ್ದ. ಹಾರಿಸುವುದು ನಿಜವಾದ ಗುಂಡು. ಯಾರಿಗೆ ಹೊಡೆಯಬಾರದೆಂಬುದೇ ಅಲ್ಲಿನ ಮೊದಲ ಪಾಠ.

ಪರೀಕ್ಷೆಯ ಕಾಲ ಬಂದಿತು. 1980ರ ಏಪ್ರಿಲ್ 30ರಂದು ಆರು ಮಂದಿ ಶಸ್ತ್ರಧಾರಿಗಳು ಲಂಡನ್ನಿನ ಇರಾನಿ ರಾಯಭಾರ ಕಚೇರಿಗೆ ನುಗ್ಗಿ, 26 ಜನರನ್ನು ಸೆರೆಹಿಡಿದರು. ಸಂಧಾನದ ಮಾತುಕತೆಯಿಂದ ಐವರಿಗೆ ಬಿಡುಗಡೆಯಾಯಿತು. ಅತ್ತ ಮಾತು ಸಾಗಿರಲು ಇತ್ತ ಸೈನಿಕರು ಕಟ್ಟಡದ ಮಾದರಿಯನ್ನು ನಿರ್ಮಿಸಿ ಕೋಣೆಕೋಣೆಯನ್ನೂ ಕಂಠಪಾಠ ಮಾಡಿದರು. ಕೆಳಗಿನ ಕಿಟಕಿಗಳಿಗೆ ಗುಂಡು ತಡೆಯುವ ಗಾಜಿದೆಯೆಂಬ ಗುಟ್ಟನ್ನು ತಿಳಿಸಿದವನು ಆ ಕಟ್ಟಡದ ಉಸ್ತುವಾರಿಯವನು! ಗೋಡೆ ಕೊರೆಯುವ ಸದ್ದು ಒಳಗೆ ಕೇಳಿಸದಿರಲೆಂದು ವಿಮಾನಗಳನ್ನು ತಗ್ಗಿನಲ್ಲಿ ಹಾರಿಸಲಾಯಿತು.

ಮೇ 5ರಂದು ಒತ್ತೆಯಾಳೊಬ್ಬನ ಶವ ಹೊಸ್ತಿಲಾಚೆ ಬಿದ್ದಿತು. ಅಂದು ಸಂಜೆ ಪೊಲೀಸರು ಅಧಿಕಾರವನ್ನು ಸೇನೆಗೆ ಬರೆದೊಪ್ಪಿಸಿದರು. ಸೈನಿಕರು ಮಾಳಿಗೆಯಿಂದ ಹಗ್ಗ ಹಿಡಿದಿಳಿದರು. ಆಗಲೇ ಒಬ್ಬನ ಕಾಲು ತಗುಲಿ ಗಾಜೊಡೆಯಿತು. ಇನ್ನೊಬ್ಬ ಹಗ್ಗದಲ್ಲಿ ಸಿಕ್ಕಿ, ಕಿಟಕಿಯ ಬೆಂಕಿಯಲ್ಲಿ ಬೆಂದ. ಯೋಜನೆಯ ಲೆಕ್ಕ ತಪ್ಪಿತು. ಆದರೂ ಕೆಲಸ ನಿಲ್ಲಲಿಲ್ಲ. ಪ್ರತಿಯೊಬ್ಬನೂ ತನ್ನ ಅಂತಸ್ತು, ತನ್ನ ಕೋಣೆಯನ್ನು ಅರಿತಿದ್ದ. ಕಿಟಕಿಗಳು ಸಿಡಿದವು, ಕಣ್ಣು ಕುಕ್ಕಿ ಕಿವಿಗಡಚಿಕ್ಕುವ ಗ್ರೆನೇಡುಗಳು ಒಳಬಿದ್ದವು. ಹದಿನೇಳು ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಒಳಗಿದ್ದ 20 ಮಂದಿ ಒತ್ತೆಯಾಳುಗಳಲ್ಲಿ 19 ಜನ ಬದುಕಿ ಹೊರಬಂದರು. ಒಬ್ಬನನ್ನು ಶಸ್ತ್ರಧಾರಿಗಳು ಕೊಂದಿದ್ದರು. ಆ ಆರು ಮಂದಿಯಲ್ಲಿ ಐವರು ಸತ್ತರು, ಒಬ್ಬ ಸೆರೆಸಿಕ್ಕ.

ಜಯಘೋಷ ಅಡಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಸತ್ತವರಲ್ಲಿ ಇಬ್ಬರು ಆಗಲೇ ಶರಣಾಗಿದ್ದರೆಂದು ಬದುಕುಳಿದ ಕೆಲವರು ಹೇಳಿದರು. ವಿಚಾರಣೆಯ ಜ್ಯೂರಿ ಸೈನಿಕರ ಕಾರ್ಯ ನ್ಯಾಯವೆಂದು ತೀರ್ಪಿತ್ತಿತು. ಆದರೂ ಆ ಮಾತು ಮರೆಯತಕ್ಕದ್ದಲ್ಲ. ಕದ ಒಡೆಯುವುದನ್ನೂ ಗುರಿ ಹಿಡಿಯುವುದನ್ನೂ ಅಭ್ಯಾಸದಿಂದ ಕಲಿಸಬಹುದು. ಹೊಗೆ ತುಂಬಿದ ಕೋಣೆಯಲ್ಲಿ, ಅರೆಗಳಿಗೆಯೊಳಗೆ, ಎದುರಿಗಿರುವವನು ವೈರಿಯೋ, ಸೆರೆಯಾಳೋ, ಸೋತು ಕೈಯೆತ್ತಿದವನೋ ಎಂದು ಅರಿಯುವ ವಿವೇಕವನ್ನು ಕಲಿಸುವುದು ಎಲ್ಲಕ್ಕಿಂತ ಕಠಿನ. ಇಂಥ ದಳದ ನಿಜವಾದ ಬೆಲೆ ತಿಳಿಯುವುದು ಹಾರಿದ ಗುಂಡಿನಿಂದಲ್ಲ, ತಡೆದ ಬೆರಳಿನಿಂದ.