ಎಪಿಕೆ ಫೈಲ್ ಮುಟ್ಟಬೇಡಿ



ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’ ಎಂಬ ಹೆಸರಿನ, ಮೊಬೈಲ್‌ನಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲ್‌ಗಳನ್ನು ಹರಿಬಿಟ್ಟು ಖಾತೆ ಬರಿದು ಮಾಡುವ ವಂಚನೆಯ ಬಗ್ಗೆ ನಮ್ಮ ಗದಗ ಜಿಲ್ಲೆಯ ರೈತರಿಗೆ ಕಳಕಳಿಯ ವಿನಂತಿ. ಕಳಿಸಿದವರು ಸ್ವಂತ ಕಾಕಾ ಆಗಿದ್ದರೂ ತೆರೆಯಬೇಡಿ. ಅವರ ಮೊಬೈಲ್ ಆಗಲೇ ಕಳ್ಳರ ಹಿಡಿತಕ್ಕೆ ಸಿಕ್ಕಿ, ಅವರಿಗೆ ಗೊತ್ತಿಲ್ಲದಂತೆಯೇ ಫೈಲ್ ಎಲ್ಲರಿಗೂ ಹೋಗುತ್ತಿರಬಹುದು.

‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕುಗಳು ಸಾರುತ್ತಲೇ ಇವೆ. ಇಲ್ಲಿ ಹೇಳುವ ಪ್ರಸಂಗವೇ ಬರುವುದಿಲ್ಲ. ಇನ್‌ಸ್ಟಾಲ್ ಆದ ಬಳಿಕ ಆ ನಕಲಿ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದರೆ ಮುಗಿಯಿತು, ಒಟಿಪಿ ನೇರವಾಗಿ ವಂಚಕರಿಗೆ ಮುಟ್ಟುತ್ತದೆ. ಪಿಎಂ ಕಿಸಾನ್‌ ಯೋಜನೆಯ ವರ್ಷಕ್ಕೆ ಮೂರು ಕಂತಿನ 6,000 ರೂಪಾಯಿಗೆ ಕಾಯುವವರ ಹೆಸರುಕಾಳು, ಶೇಂಗಾ ಮಾರಿದ ದುಡ್ಡೂ ಅದೇ ಖಾತೆಯಲ್ಲಿರುತ್ತದೆ. ಆ ಯೋಜನೆಯ ಅಧಿಕೃತ ಆ್ಯಪ್ ಪ್ಲೇ ಸ್ಟೋರ್‌ನಲ್ಲಿದೆ, ವಾಟ್ಸ್‌ಆ್ಯಪ್‌ನಲ್ಲಿ ಬರುವುದಿಲ್ಲ.

ಅಕಸ್ಮಾತ್ ಒತ್ತಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಇಂಟರ್‌ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣ ಡ್ರಾ ಮಾಡುವ ಮೊದಲು ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಅವಕಾಶವಿದೆ.

ಓದುಬಾರದ ಹಿರಿಯರಿಗೆ ಈ ಎಚ್ಚರಿಕೆ ತಲುಪುವುದು ಹೇಗೆ? ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗಳಲ್ಲಿ ಪೊಲೀಸರು ಧ್ವನಿವರ್ಧಕದಲ್ಲಿ ಕನ್ನಡದಲ್ಲೇ ಸಾರಬೇಕು. ಗದಗ-ಬೆಟಗೇರಿಯ ಬ್ಯಾಂಕುಗಳು ಮತ್ತು ರೈತ ಸಂಪರ್ಕ ಕೇಂದ್ರಗಳು 1930 ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಬಾಗಿಲಿಗೇ ಬರೆಸಲಿ. ಮುಂದಿನ ಕಂತು ಜಮೆಯಾಗುವ ಮೊದಲೇ ಈ ಕೆಲಸ ಆಗಬೇಕು.

– ಓದುಗ, ಶಿರಹಟ್ಟಿ